ಆಕೆ ಮರಳಿ ತೆಗೆದುಕೊಳ್ಳದ ಉಡಿ

ನಮ್ಮ ಮಾವನವರು ಎಲ್ಲಿಗೇ ಹೋಗಲಿ, ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯುತ್ತಿದ್ದರು. ಒಂದು ಹಿತ್ತಾಳೆಯ ತಂಬಿಗೆ, ಅದಕ್ಕೊಂದು ಮುಚ್ಚಳ, ಮುಚ್ಚಳ ಬೀಳದ ಹಾಗೆ ಬಿಗಿದ ಖಾದಿಯ ತುಂಡು. ಬೆಟಗೇರಿಯ ನೇಕಾರರ ಓಣಿಗೆ ಮಗ್ಗ ನೋಡಲು ಹೋದರೂ ಅದೇ ತಂಬಿಗೆ, ಮುಂಡರಗಿಗೆ ಭಾಷಣಕ್ಕೆ ಹೋದರೂ ಅದೇ ತಂಬಿಗೆ. ಯಾರಾದರೂ ಚಹಾ ತಂದಿಟ್ಟರೆ ಕೈ ಮುಗಿದು, "ನಮ್ಮ ನೀರು ನಮ್ಮ ಜೋಡಿ ಐತ್ರಿ" ಎನ್ನುತ್ತಿದ್ದರು. ಊರವರು ಆ ತಂಬಿಗೆಗೆ ಹೂವು ಏರಿಸುವುದೊಂದು ಬಾಕಿ ಇತ್ತು. ಅದನ್ನು ದಿನಾ ಹುಣಸೆಹಣ್ಣು ಹಚ್ಚಿ ಬೆಳಗುವ ಕೆಲಸ ಸೊಸೆಯಾದ ನನ್ನದು. ಮೊದಮೊದಲು ಅದರಲ್ಲಿ ನನ್ನ ಮುಖ ಕಾಣುವಷ್ಟು ತಿಕ್ಕುತ್ತಿದ್ದೆ. ಆಮೇಲೆ ಬೂದಿ ಹಚ್ಚಿ, ತೊಳೆದು, ಬೋರಲು ಹಾಕಿ ಇಟ್ಟುಬಿಡುತ್ತಿದ್ದೆ. ಅದು ಯಾಕೆ ಹಾಗಾಯಿತು ಎಂಬುದನ್ನು ಹೇಳಬೇಕಾಗಿದೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ನನ್ನ ತವರು ಲಕ್ಷ್ಮೇಶ್ವರ. ಗದಗು-ಬೆಟಗೇರಿ ಇಂಗ್ಲಿಷರ ಸರಕಾರದ ಕೈಯಲ್ಲಿದ್ದ ಕಾಲಕ್ಕೆ ನಮ್ಮದು ಸಂಸ್ಥಾನದ ಊರು. ಪಕ್ಕದ ಶಿರಹಟ್ಟಿ ಮತ್ತೊಂದು ಸಂಸ್ಥಾನಕ್ಕೆ ಸೇರಿತ್ತು. ಒಂದು ಹಗಲಿನಲ್ಲಿ ಎತ್ತಿನ ಗಾಡಿ ಮೂರು ಸರಕಾರಗಳನ್ನು ದಾಟಿಬಿಡುತ್ತಿತ್ತು. ಸಂಸ್ಥಾನದ ಅಧಿಕಾರಿ ಊರಿಗೆ ಬಂದನೆಂದರೆ ಕಿರಾಣಿ ಅಂಗಡಿಯ ನನ್ನ ಅಪ್ಪ ತುಪ್ಪದ ಗಡಿಗೆಯನ್ನು ಬಿಳಿ ಅರಿವೆಯಲ್ಲಿ ಸುತ್ತಿ, ತಲೆಗೆ ರುಮಾಲು ಸುತ್ತಿಕೊಂಡು, ಹಾಡುಹಗಲೇ ಹೋಗಿ ಕೊಟ್ಟು ಬರುತ್ತಿದ್ದ. ಅದಕ್ಕೆ ನಜರಾಣೆ ಎಂದು ಹೆಸರು. ಕೊಡುವವನಿಗೂ ನಾಚಿಕೆ ಇರಲಿಲ್ಲ, ತೆಗೆದುಕೊಳ್ಳುವವನಿಗೂ ಇರಲಿಲ್ಲ. ನನಗಂತೂ ಅದು ಹಬ್ಬದ ಸಡಗರದಂತೆಯೇ ಕಾಣುತ್ತಿತ್ತು. ಯಾಕೆಂದರೆ ಗಡಿಗೆಯ ತಳದ ತುಪ್ಪ ನನ್ನ ಪಾಲಿಗೆ ಬರುತ್ತಿತ್ತು.

ಇಂಥ ಮನೆಯಿಂದ ನಾನು ಬೆಟಗೇರಿಯ ಆ ತಂಬಿಗೆಯ ಮನೆಗೆ ಸೊಸೆಯಾಗಿ ಬಂದೆ. ಮಾವನವರು ಚಳವಳಿಯಲ್ಲಿ ಜೇಲು ಕಂಡವರು. ನನ್ನನ್ನು "ಸಂಸ್ಥಾನದ ಹುಡಿಗಿ" ಎಂದು ಕರೆದು ನಗುತ್ತಿದ್ದರು. ಅಪ್ಪ ನನ್ನನ್ನು ನೋಡಲು ಬರುವಾಗ ಒಮ್ಮೆ ರೂಢಿಯಂತೆ ತುಪ್ಪದ ಗಡಿಗೆ ತಂದ. ಮಾವನವರು ಅದನ್ನು ನೋಡಿ, "ಬೀಗರ, ಇದು ಬೀಗಸ್ತನದ ತುಪ್ಪೋ, ಕಚೇರಿ ತುಪ್ಪೋ?" ಎಂದು ಕೇಳಿದರು. ಎಲ್ಲರೂ ನಕ್ಕರು, ಅಪ್ಪನೂ ನಕ್ಕ. ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಮೈಯೆಲ್ಲ ಹಿಡಿಯಷ್ಟು ಮಾಡಿಕೊಂಡೆ. ಅಪ್ಪನ ಬಗ್ಗೆ ನನಗೆ ನಾಚಿಕೆಯಾದದ್ದು ಅವತ್ತೇ ಮೊದಲು. ಇಂಥ ದೊಡ್ಡ ಮನುಷ್ಯರ ಮನೆ ಸೇರಿದೆನಲ್ಲ ಎಂದು ಅವತ್ತು ತಂಬಿಗೆಯನ್ನು ಎರಡು ಸಲ ಬೆಳಗಿದೆ.

ಸ್ವಾತಂತ್ರ್ಯ ಬಂತು. ಸಂಸ್ಥಾನಗಳು ಕರಗಿದವು. ಆದರೆ ಅರಿವೆ, ನೂಲು, ಜೋಳ, ಸೀಮೆಎಣ್ಣೆ ಯಾವುದೂ ಸುಲಭಕ್ಕೆ ಸಿಗುತ್ತಿರಲಿಲ್ಲ. ಎಲ್ಲದಕ್ಕೂ ಕಂಟ್ರೋಲು. ಬೆಟಗೇರಿಯೆಂದರೆ ಮಗ್ಗಗಳ ಊರು, ನೂಲಿಲ್ಲದೆ ಅಲ್ಲಿ ಒಲೆ ಹೊತ್ತುವುದಿಲ್ಲ. ಸರಕಾರ ನೂಲು ಹಂಚಲು ಒಂದು ಕಮಿಟಿ ಮಾಡಿ ಮಾವನವರನ್ನು ಅದಕ್ಕೆ ಮುಖ್ಯಸ್ಥರನ್ನಾಗಿಸಿತು. ಆ ಕಾಲಕ್ಕೆ ಕೆಲವರು ಹಳೆಯ ಮಗ್ಗದ ಕಟ್ಟಿಗೆಗಳನ್ನು ಸುಮ್ಮನೆ ನಿಲ್ಲಿಸಿ, ಇದೂ ಮಗ್ಗವೆಂದು ತೋರಿಸಿ, ನೂಲು ತೆಗೆದುಕೊಂಡು ಕಾಳಸಂತೆಯಲ್ಲಿ ಮಾರುತ್ತಿದ್ದರು. ಅದಕ್ಕೇ ಮಾವನವರು ಒಂದು ನಿಯಮ ತಂದರು. ಕಮಿಟಿ ಹೋದ ದಿನ ಯಾವ ಮಗ್ಗ ನಡೆಯುತ್ತಿರುತ್ತದೆಯೋ ಅದಕ್ಕೆ ನೂಲು, ನಿಂತ ಮಗ್ಗಕ್ಕೆ ಇಲ್ಲ. ಮುಂಚೆ ತಿಳಿಸದೆ, ತಂಬಿಗೆ ಹಿಡಿದು ಓಣಿ ಓಣಿ ಹೊಕ್ಕರು. ಕಳ್ಳರು ಸಿಕ್ಕುಬಿದ್ದರು. ಊರು ಹೊಗಳಿತು. ನಿಯಮ ಒಳ್ಳೆಯದೇ ಆಗಿತ್ತು, ಇವತ್ತಿಗೂ ನಾನು ಅದನ್ನು ತಪ್ಪೆನ್ನುವುದಿಲ್ಲ.

ನೂಲಿನ ಡಿಪೊ ಇದ್ದದ್ದು ಗದಗಿನ ಒಬ್ಬ ಅರಳೆ ಗಿರಣಿ ಸಾಹುಕಾರರ ಕೈಯಲ್ಲಿ. ಅವರೂ ಮಾವನವರೂ ಜೇಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು. ನನ್ನ ಗಂಡ ಅದೇ ಗಿರಣಿಯಲ್ಲಿ ಗುಮಾಸ್ತ. ಕೆಲಸ ಕೊಡಿ ಎಂದು ಮಾವನವರು ಎಂದೂ ಕೇಳಿರಲಿಲ್ಲ. ಕೇಳುವವರೆಗೆ ಸಾಹುಕಾರರೂ ಕಾದಿರಲಿಲ್ಲ. ಮಾವನವರು ಶಿರಹಟ್ಟಿಗೋ ಮುಂಡರಗಿಗೋ ಕರ್ನಾಟಕ ಒಂದಾಗಬೇಕೆಂಬ ಸಭೆಗಳಿಗೆ ಹೋಗಬೇಕಾದಾಗ ಬಾಗಿಲಲ್ಲಿ ಸಾಹುಕಾರರ ಮೋಟಾರು ಬಂದು ನಿಂತಿರುತ್ತಿತ್ತು. ಮಾವನವರು ತಂಬಿಗೆ ಹಿಡಿದು ಅದರಲ್ಲಿ ಹತ್ತುತ್ತಿದ್ದರು. ಇದರಲ್ಲಿ ನಗುವಂಥದ್ದೇನಾದರೂ ಇದೆಯೆಂದು ನನಗೆ ಆಗ ಹೊಳೆದಿರಲಿಲ್ಲ. ಅವರಿಗಂತೂ ಕೊನೆಯವರೆಗೂ ಹೊಳೆಯಲಿಲ್ಲ.

ಇನ್ನು ಆಕೆಯ ಮಾತು. ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಒಬ್ಬ ನೇಕಾರನ ಹೆಂಡತಿ ಇದ್ದಳು, ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವಳು. ಒಂದು ದಿನ ಬಾವಿಕಟ್ಟೆಯಲ್ಲಿ ನಾನು ಯಾರ ಹತ್ತಿರವೋ ಮಾತಾಡುವುದನ್ನು ಕೇಳಿ ಕೊಡ ಕೆಳಗಿಟ್ಟು ಬಂದಳು.

"ನಿಂದು ಲಕ್ಷ್ಮೇಶ್ವರ ಏನವ್ವಾ?"

ಹೌದು ಎಂದೆ. ಯಾರ ಮಗಳು ಎಂದು ಕೇಳಿದಳು. ಹೇಳಿದೆ. ಆಕೆ ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು.

"ನಮ್ಮ ಮನಿ ನಿಮ್ಮ ಅಂಗಡಿ ಹಿಂದ ಇತ್ತವ್ವಾ. ನಾ ಮದುವಿ ಆಗಿ ಈ ಊರಿಗೆ ಹೊಂಟಾಗ ನಿಮ್ಮವ್ವ ಉಡಿ ತುಂಬಿ ಕಳಿಸಿದ್ಲು. ಗಾಡಿ ಹಿಂದ ಅಗಸಿ ತನಾ ನಡಕೋತ ಬಂದಿದ್ಲು."

ನನ್ನ ಅವ್ವ ನಾನು ಸಣ್ಣವಳಿದ್ದಾಗಲೇ ಸತ್ತಿದ್ದಳು. ಆಕೆಯ ಮುಖ ನನಗೆ ನೆನಪಿಲ್ಲ. ಅವ್ವ ಒಬ್ಬ ಹುಡುಗಿಯ ಗಾಡಿಯ ಹಿಂದೆ ಊರ ಬಾಗಿಲವರೆಗೆ ನಡೆದು ಬಂದಿದ್ದಳು ಎಂಬುದೇ ನನಗೆ ಅವಳ ಬಗ್ಗೆ ಗೊತ್ತಾದ ಮೊದಲ ಸಂಗತಿ. ಅವತ್ತಿನಿಂದ ಬಾವಿಗೆ ಹೋಗುವುದೆಂದರೆ ನನಗೆ ತವರಿಗೆ ಹೋದಷ್ಟೇ ಸಂತೋಷ. ಆಗೆಲ್ಲ ಆಕೆ ಒಂದು ದಿನವೂ ನಮ್ಮ ಮನೆಗೆ ಬಂದವಳಲ್ಲ, ಮಾವನವರ ಹೆಸರೆತ್ತಿದವಳಲ್ಲ, ನೂಲಿನ ಮಾತಾಡಿದವಳಲ್ಲ.

ನಾನು ಬಸುರಿಯಾದೆ. ನಮ್ಮ ಕಡೆ ಏಳನೆಯ ತಿಂಗಳಲ್ಲಿ ಕುಬಸ ಮಾಡುತ್ತಾರೆ. ತವರಿನಿಂದ ಹಸಿರು ಸೀರೆ ಬರಬೇಕು, ಹಸಿರು ಬಳೆ ಬರಬೇಕು. ಮುತ್ತೈದೆಯರು ಬಸುರಿಯನ್ನು ಮಣೆಯ ಮೇಲೆ ಕೂಡಿಸಿ ಅವಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣ ಬೇರು ಹಾಕಿ ಉಡಿ ತುಂಬಬೇಕು. ಅಪ್ಪ ಬಳೆಗೆ ದುಡ್ಡು ಕಳಿಸಿದ್ದ, ಆದರೆ ತವರಿನ ಹೆಂಗಸರೆಂದು ಕರೆಯಲು ಯಾರೂ ಇರಲಿಲ್ಲ. ಅತ್ತೆ, "ನಾನಽ ತವರಾಗಿ ತುಂಬತೀನಿ ತಗೋ" ಎಂದು ಸಮಾಧಾನ ಹೇಳಿದರು. ನನ್ನ ಅತ್ತೆ ಮೆದು ಮನಸ್ಸಿನವರು. ಮಾವನವರ ಎದುರಿಗೆ ಮಾತ್ರ ಅವರ ದನಿ ಅಡಿಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ.

ಕುಬಸದ ದಿನ ಹೆಂಗಸರೆಲ್ಲ ಕೂಡಿದ ಮೇಲೆ ಆಕೆ ಬಂದಳು. ತೋಳಿನಲ್ಲಿ ಒಂದು ಹಸಿರು ಸೀರೆ, ಕೆಂಪು ದಡಿಯದು, ಅವರ ಮನೆಯ ಮಗ್ಗದಲ್ಲಿ ನೇಯ್ದದ್ದು. ಎಲ್ಲರ ನಡುವೆ ನಿಂತು, "ನಾ ಲಕ್ಷ್ಮೇಶ್ವರದಾಕಿರಿ. ಈಕಿ ಅವ್ವ ನನ್ನ ಉಡಿ ತುಂಬಿದ್ಲು, ಹಡದವ್ವನ ಬದಲಿ ಇವತ್ತ ನಾ ತುಂಬತೀನಿ" ಎಂದಳು. ನನಗೆ ಅಳು ತಡೆಯಲಾಗಲಿಲ್ಲ. ಹೆಂಗಸರೂ ಕಣ್ಣೊರೆಸಿಕೊಂಡರು. ಆ ಸೀರೆಯನ್ನೇ ನನಗೆ ಉಡಿಸಿದರು. ಮೊದಲ ಹಿಡಿ ಅಕ್ಕಿ ಆಕೆಯ ಕೈಯಿಂದಲೇ ನನ್ನ ಸೆರಗಿಗೆ ಬಿತ್ತು.

ಆಮೇಲೆ ಸಾಹುಕಾರರ ಹೆಂಡತಿ ಮೋಟಾರಿನಲ್ಲಿ ಬಂದರು. ಒಂದು ರೇಷ್ಮೆ ಸೀರೆ ತಂದಿದ್ದರು, ಒಂದು ಬೆಳ್ಳಿ ಬಟ್ಟಲು ತಂದಿದ್ದರು. ಅವರೂ ಉಡಿ ತುಂಬಿದರು, ಹೋಳಿಗೆಯನ್ನು ಮುರಿದು ಬಾಯಿಗೆ ಹಾಕಿಕೊಂಡ ಹಾಗೆ ಮಾಡಿ ಹೋದರು.

ಸಂಜೆ ಮಾವನವರು ಬಂದರು. ನಾನು ಇನ್ನೂ ಆ ಹಸಿರು ಸೀರೆಯಲ್ಲೇ ಇದ್ದೆ. ಬಿಚ್ಚಲು ಮನಸ್ಸಾಗಿರಲಿಲ್ಲ. ಅವರು ಸೀರೆಯ ದಡಿ ನೋಡಿದರು. ಮಗ್ಗಗಳನ್ನು ನೋಡಿ ನೋಡಿ ಯಾವ ಮನೆಯ ನೇಯ್ಗೆ ಎಂದು ಅವರಿಗೆ ಗುರುತು ಸಿಗುತ್ತಿತ್ತು.

"ಈ ಸೀರಿ ಯಾರ ಮನಿಯಿಂದ ಬಂತು?"

ಅತ್ತೆ ಹೇಳಿದರು. ಮಾವನವರು ಕುರ್ಚಿಯ ಮೇಲೆ ಕುಳಿತರು. ಅವರ ಬಾಯಿಂದಲೇ ನಮಗೆ ವಿಷಯ ಗೊತ್ತಾಯಿತು. ಕಮಿಟಿ ಆ ಓಣಿಗೆ ಹೋದ ದಿನ ಆಕೆಯ ಮನೆಯ ಎರಡೂ ಮಗ್ಗ ನಿಂತಿದ್ದವು. ಆಕೆಯ ಮಾವ ಸತ್ತು ಮನೆಯಲ್ಲಿ ಸೂತಕವಿತ್ತು. ಸೂತಕ ಕಳೆಯುವವರೆಗೆ ಅವರ ಮಂದಿ ಮಗ್ಗದ ಕುಣಿಗೆ ಇಳಿಯುವುದಿಲ್ಲ, ಲಾಳಿ ಮುಟ್ಟುವುದಿಲ್ಲ. ಕಮಿಟಿಯವರು 'ನಿಂತ ಮಗ್ಗ' ಎಂದು ಬರೆದುಕೊಂಡು ಹೋದರು. ನೂಲು ನಿಂತಿತು. ಆಕೆಯ ಗಂಡ, ಸತ್ತ ಮನೆಯಲ್ಲಿ ಮಗ್ಗ ನಡೆಸುವುದು ಹೇಗೆ, ಮತ್ತೊಮ್ಮೆ ಬಂದು ನೋಡಿರಿ ಎಂದು ಅರ್ಜಿ ಕೊಟ್ಟಿದ್ದ. ಆ ಅರ್ಜಿ ಮಾವನವರ ಮುಂದಿತ್ತು. ಅದನ್ನು ಅವರು ಮನ್ನಿಸುವವರೇ ಇದ್ದರಂತೆ.

"ಇನ್ನ ಹೆಂಗ ಮನ್ನಸಲಿ?" ಎಂದರು. "ಅರ್ಜಿ ನನ್ನ ಕಡೆ, ಸೀರಿ ನನ್ನ ಸೊಸಿ ಮೈಮ್ಯಾಲ. ಮ್ಯಾಲ ನೂಲಿಲ್ಲ ಅಂತಾರ, ಸೀರಿ ಎಲ್ಲಿಂದ ಬಂತು?"

ನಾನು ಬಾಯಿಬಿಟ್ಟೆ. ಅವರ ಎದುರು ನಿಂತು ಮಾತಾಡಿದ್ದು ಅದೇ ಮೊದಲು. "ಮಾವಾರ, ಅಕಿ ನಮ್ಮೂರಾಕಿರಿ. ನಮ್ಮವ್ವನ ಬದಲಿ ತುಂಬ್ಯಾಳ್ರಿ. ನನಗ ಅರ್ಜಿ ಖಬರಽ ಇಲ್ರಿ. ಅಕಿ ಒಂದ ಮಾತೂ ಕೇಳಿಲ್ರಿ."

ಅವರು ಸಿಟ್ಟಾಗಲಿಲ್ಲ. ಶಾಲೆಯ ಹುಡುಗಿಗೆ ತಿಳಿಸಿ ಹೇಳುವವರಂತೆ ಹೇಳಿದರು. "ತಂಗಿ, ಲಂಚ ಎಂದೂ ತನ್ನ ಹೆಸರು ಹೇಳ್ಕೊಂಡು ಬರಂಗಿಲ್ಲ. ನಿಮ್ಮ ಸಂಸ್ಥಾನದಾಗ ನಜರಾಣಿ ಅಂತ ಬರ್ತಿತ್ತು, ಇಲ್ಲಿ ಉಡಿ ಅಂತ ಬಂದೈತಿ. ಕೇಳೂದಿಲ್ಲ ಅನ್ನೂದಽ ಕೇಳೂ ರೀತಿ."

ಅತ್ತೆ ಒಳಗಿನಿಂದ, ಅಪರೂಪಕ್ಕೆ ದನಿಯೆತ್ತಿ, "ಹಂಗಾರ ಸಾಹುಕಾರ್ತಿ ಬೆಳ್ಳಿ ಬಟ್ಟಲಾನೂ ಹೊಳ್ಳಿ ಕಳಸೂನೇನ್ರಿ?" ಎಂದು ಕೇಳಿದರು.

"ಅವರದೇನ ಅರ್ಜಿ ಐತಿ ನನ್ನ ಕಡೆ?" ಎಂದರು ಮಾವನವರು.

ಅದು ಖರೆಯೇ. ಸಾಹುಕಾರರದು ಯಾವ ಅರ್ಜಿಯೂ ಇರಲಿಲ್ಲ. ಅವರಿಗೆ ಬೇಕಾದದ್ದೆಲ್ಲ ಬೇಕಾಗುವ ಮುಂಚೆಯೇ ಸಿಕ್ಕಿರುತ್ತಿತ್ತು. ಅರ್ಜಿ ಇದ್ದದ್ದು ಬಡವರದು ಮಾತ್ರ. ಇದನ್ನು ನಾನು ಈಗ ಇಷ್ಟು ಸಲೀಸಾಗಿ ಬರೆಯುತ್ತೇನೆ. ಅವತ್ತು ನನ್ನ ತಲೆಗೆ ಹೋದದ್ದು ಒಂದೇ: ನಮ್ಮೂರವಳೂ ನನ್ನ ಅಪ್ಪನ ಹಾಗೇ ತುಪ್ಪದ ಗಡಿಗೆ ಹಿಡಿದು ಬಂದವಳೇನೋ, ನಮ್ಮ ಕಡೆಯವರ ರಕ್ತವೇ ಹೀಗೇನೋ. ಒಂದು ಗಳಿಗೆಯ ಮಟ್ಟಿಗೆ ನಾನು ಆಕೆಯನ್ನು ಅನುಮಾನಿಸಿದೆ. ಬೇರೆ ಎಲ್ಲದಕ್ಕಿಂತ ಆ ಗಳಿಗೆ ನೆನೆದರೆ ನನಗೆ ನನ್ನ ಮೇಲೆಯೇ ಹೇಸಿಗೆ ಬರುತ್ತದೆ.

ಮಾವನವರು ತೀರ್ಮಾನ ಹೇಳಿದರು. ಎಲ್ಲವನ್ನೂ ಹಿಂದಕ್ಕೆ ಕೊಟ್ಟು ಬರಬೇಕು. ಆಕೆ ತೆಗೆದುಕೊಂಡರೆ, ತಪ್ಪು ತಿದ್ದಿಕೊಂಡಳೆಂದು ತಿಳಿದು ಅರ್ಜಿಯನ್ನು ಹೊಸದಾಗಿ ನೋಡುತ್ತೇನೆ, ಮಗ್ಗಕ್ಕೆ ನೂಲು ಬರುತ್ತದೆ ಎಂದರು. ಅವರ ಮಟ್ಟಿಗೆ ಅದು ದೊಡ್ಡ ಮನಸ್ಸೇ. ಆದರೆ ಅಕ್ಕಿಯದೊಂದು ತೊಡಕು ಬಂತು. ಎಲ್ಲ ಹೆಂಗಸರ ಅಕ್ಕಿಯೂ ನನ್ನ ಸೆರಗಿನಲ್ಲಿ ಒಂದಾಗಿತ್ತು. ಯಾರದು ಯಾವುದೆಂದು ಆರಿಸುವುದು ಹೇಗೆ? "ಅಷ್ಟಽ ಅಳತಿ ಹಾಕಿ ಕೊಡ್ರಿ" ಎಂದರು. ಅತ್ತೆ ಅಳುತ್ತ ಹಿಡಿಯಿಂದ ಅಕ್ಕಿ ಅಳೆದರು. ಸಾಹುಕಾರ್ತಿಯ ಅಕ್ಕಿಯ ಕಾಳುಗಳೂ ಒಂದಿಷ್ಟು ಆ ಗಂಟಿನಲ್ಲಿ ಹೋಗಿರಬೇಕು.

ಮರುದಿನ ನಾನೂ ಅತ್ತೆಯೂ ಹೋದೆವು. ಸೀರೆ ಮಡಚಿ ಕೆಳಗೆ, ಮೇಲೆ ಅಕ್ಕಿ ಕೊಬ್ಬರಿಯ ಗಂಟು. ಅತ್ತೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದರು, ಆದರೂ ಓಣಿಗೆ ಗೊತ್ತಾಗದೆ ಇರಲಿಲ್ಲ. ಉಡಿ ತುಂಬಿಸಿಕೊಂಡ ಬಸುರಿ ಅದನ್ನು ಹೊತ್ತುಕೊಂಡು ತಿರುಗಿ ಹೊರಟದ್ದನ್ನು ಬೆಟಗೇರಿ ಅಲ್ಲಿಯವರೆಗೆ ಕಂಡಿರಲಿಲ್ಲ. ಕಟ್ಟೆಯ ಮೇಲಿದ್ದ ಹೆಂಗಸರು ನೂಲು ಸುತ್ತುವುದನ್ನು ಬಿಟ್ಟು ನಮ್ಮನ್ನೇ ನೋಡಿದರು. ಅಕ್ಕಪಕ್ಕದ ಮನೆಗಳಲ್ಲಿ ಲಾಳಿಯ ಸಪ್ಪಳವಿತ್ತು, ಆಕೆಯ ಮನೆಯಲ್ಲಿ ಇರಲಿಲ್ಲ.

"ಬರ್ರಿ, ಕುಂಡ್ರಿ. ಬಸುರಿ ಹೆಣಮಗಳನ್ನ ಇಷ್ಟು ಬಿಸಲಾಗ ಯಾಕ ನಡಸ್ಕೊಂಡು ಬಂದ್ರಿ ಅಕ್ಕಾರ?" ಎಂದು ನಗುತ್ತ ಬಂದವಳು ಗಂಟು ನೋಡಿ ನಿಂತಳು.

ಅತ್ತೆ ತಡವರಿಸುತ್ತ ಹೇಳಿದರು. ಅರ್ಜಿ ಇರುವುದರಿಂದ ಇದನ್ನು ಇಟ್ಟುಕೊಳ್ಳಲು ಬರುವುದಿಲ್ಲ, ತಿರುಗಿ ತೆಗೆದುಕೊಂಡರೆ ಅರ್ಜಿ ಮತ್ತೆ ನೋಡುತ್ತಾರೆ, ನೂಲು ಸಿಗುತ್ತದೆ.

ಆಕೆಯ ಮುಖ ಕಪ್ಪಿಟ್ಟಿತು. "ಅರ್ಜಿ ನನ್ನ ಗಂಡಂದರಿ. ಉಡಿ ನಂದು" ಎಂದಳು. "ಆ ಸೀರಿ ನನ್ನ ಮಗಳ ಸಲುವಾಗಿ ನೂಲಿದ್ದಾಗ ನೇದು ಪೆಟಗ್ಯಾಗ ಇಟ್ಟಿದ್ದು."

ಆಕೆಯ ಗಂಡ ನಿಂತ ಮಗ್ಗದ ಪಕ್ಕದಲ್ಲಿ ಕುಳಿತಿದ್ದ. ಎದ್ದು ಬಂದ. ನಮ್ಮ ಕಡೆ ನೋಡದೆ ಹೆಂಡತಿಗೆ ಹೇಳಿದ. "ಇಸ್ಕೋ. ಎರಡು ಮಗ್ಗದ ಮಾತೈತಿ."

"ಹೊಟ್ಟ್ಯಾಗಿನ ಕೂಸಿನ ಮಾತೂ ಐತಿ" ಎಂದಳು ಆಕೆ.

"ಇಸ್ಕೋ ಅಂದ್ನೆಲ್ಲ! ಅವರಽ ಕೊಡಾಕ ಬಂದಾರ, ನಿನಗೇನ ಪಾಪ ಹತ್ತತೈತಿ?"

"ತುಂಬಿದ ಉಡಿ ಬಸುರಿ ಕೈಯಿಂದ ಹೊಳ್ಳಿ ಇಸ್ಕೊಂಡ್ರ ಯಾರಿಗೆ ಹತ್ತತೈತಿ ಗೊತ್ತೈತಿಲ್ಲೋ ನಿನಗ? ನಾ ತುಂಬಿದ ಉಡಿ ನಾನಽ ಬರಿದು ಮಾಡ್ಲ್ಯಾ? ಈಕಿ ಅವ್ವಗ ಏನ ಹೇಳ್ಲಿ?"

ಗಂಡ ಬಾಗಿಲ ಚೌಕಟ್ಟಿಗೆ ಕೈಯೂರಿ ತಲೆ ತಗ್ಗಿಸಿದ. ಮತ್ತೆ ಒತ್ತಾಯ ಮಾಡಲಿಲ್ಲ. ಆಕೆ ಗಂಟನ್ನು ಮುಟ್ಟಲಿಲ್ಲ. ಮುಟ್ಟಿದರೆ ತೆಗೆದುಕೊಂಡಂತಾದೀತೆಂದು ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡಿದ್ದಳು. ನಾನು ಅಲ್ಲೇ ಕುಸಿದು ಕುಳಿತು ಅಳತೊಡಗಿದೆ. ಆಕೆಯೇ ನೀರು ತಂದು ಕುಡಿಸಿದಳು, "ಬಸುರ್ಯಾಗ ಅಳಬಾರದವ್ವಾ" ಎಂದು ಬೆನ್ನು ಸವರಿದಳು. ಗಂಟು ಹೋದ ಹಾಗೇ ತಿರುಗಿ ಬಂತು.

ಮಾವನವರಿಗೆ ನಾನೇ ಎಲ್ಲವನ್ನೂ ಹೇಳಿದೆ, ಆಕೆಯ ಒಂದೊಂದು ಮಾತನ್ನೂ. ಅವರು ಕೇಳಿದರು, ನಿಟ್ಟುಸಿರು ಬಿಟ್ಟರು. "ಮೂಢನಂಬಿಕಿ ಒಂದು ಕಡೆ ಇರ್ಲಿ. ಸ್ವಚ್ಛ ಮನಸ್ಸಿಂದ ಕೊಟ್ಟಾವ್ರು ನೂಲು ಬರ್ತೈತಿ ಅಂದ್ರ ಯಾಕ ಇಸ್ಕೊಳ್ಳೂದಿಲ್ಲ? ಇದಕಿಂತ ದೊಡ್ಡದೇನರ ಬೇಕಾಗಿರಬೇಕು" ಎಂದರು. ಅರ್ಜಿ ತಳ್ಳಿಹಾಕಿದರು. ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು, ಮನಸ್ಸಿನಲ್ಲೇ ಬೈದುಕೊಂಡು ಹಗುರಾಗುತ್ತಿದ್ದೆ. ಆದರೆ ಅವತ್ತು ರಾತ್ರಿ ಅವರು ಊಟ ಮಾಡಲಿಲ್ಲ. ಒಂದು ಸಂಸಾರದ ಅನ್ನ ಕಿತ್ತುಕೊಳ್ಳುವುದು ತಮಗೂ ಕಷ್ಟವೆಂದು ಅತ್ತೆಯ ಹತ್ತಿರ ಹೇಳಿಕೊಂಡರಂತೆ. ಬೆಳ್ಳಿ ಬಟ್ಟಲು ಗೋಡೆಯ ಮಾಡದಲ್ಲಿ ಹೊಳೆಯುತ್ತಿತ್ತು.

ಹಸಿರು ಸೀರೆಯನ್ನು ಮನೆಯಲ್ಲಿ ಇಡುವಂತಿರಲಿಲ್ಲ. ಮಾವನವರು ಅದನ್ನು ಒಂದು ಸಭೆಯಲ್ಲಿ ಏಕೀಕರಣದ ಕೆಲಸದ ಸಲುವಾಗಿ ಹರಾಜಿಗಿಟ್ಟರು, ಅದು ಹೇಗೆ ಬಂತೆಂಬ ಕಥೆ ಸಮೇತ. ಹೆಸರು ಹೇಳಲಿಲ್ಲ, ಅಷ್ಟು ದೊಡ್ಡತನವಿತ್ತು. ಆದರೆ ಬೆಟಗೇರಿಯಲ್ಲಿ ಹೆಸರು ಹೇಳುವ ಅಗತ್ಯವಿರಲಿಲ್ಲ. ಸವಾಲಿನಲ್ಲಿ ಸೀರೆ ಹಿಡಿದವರು ಸಾಹುಕಾರರು. ಜನ ಚಪ್ಪಾಳೆ ತಟ್ಟಿದರು. ಕೆಲವು ತಿಂಗಳಿಗೆ, ನೂಲಿಲ್ಲದೆ ನಿಂತ ಆಕೆಯ ಎರಡೂ ಮಗ್ಗ ಸಾಹುಕಾರರ ನೇಯ್ಗೆ ಶೆಡ್ಡಿಗೆ ಮಾರಾಟವಾಗಿ ಹೋದವು. ಮಗ್ಗಗಳ ಹಿಂದೆ ಗಂಡ ಹೆಂಡತಿಯೂ ಕೂಲಿಗೆ ಹೋದರು. ಆ ಶೆಡ್ಡಿನಲ್ಲಿ ನೂಲಿಗೆ ಎಂದೂ ಬರವಿರಲಿಲ್ಲ. ಅಲ್ಲಿಗೆ ಕಮಿಟಿ ಹೋದ ದಿನವೆಲ್ಲ ಪ್ರತಿಯೊಂದು ಮಗ್ಗವೂ ನಡೆಯುತ್ತಿರುತ್ತಿತ್ತು.

ನನಗೆ ಹೆಣ್ಣುಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಆಕೆ ಬಂದಳು. ಕೂಸನ್ನು ನೋಡಲು ನಮ್ಮ ಕಡೆ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಏನೂ ಇಲ್ಲದವರು ಒಂದು ಹಿಡಿ ಬೆಲ್ಲವನ್ನಾದರೂ ಸೆರಗಿನ ಚುಂಗಿಗೆ ಕಟ್ಟಿಕೊಂಡು ಬರುತ್ತಾರೆ. ಆಕೆ ಪಡಸಾಲೆಯಲ್ಲಿ ಕುಳಿತಿದ್ದ ಮಾವನವರ ಎದುರಿಗೆ ನಿಂತು ಎರಡೂ ಅಂಗೈಗಳನ್ನು ಬಿಚ್ಚಿ ತೋರಿಸಿದಳು.

"ನೋಡ್ರಿ ಯಜಮಾನ್ರ, ಏನೂ ತಂದಿಲ್ಲ. ಕೂಸಿನ ಮುಖಾ ನೋಡಿ ಹೊಕ್ಕೀನಿ."

ಮಾವನವರ ಮುಖ ಅರಳಿತು. "ಹಿಂಗಿರಬೇಕು ನೋಡವ್ವಾ. ಹೋಗು, ಒಳಗ ಹೋಗು" ಎಂದರು. ಅವರು ನಿಜವಾಗಿಯೂ ಸಂತೋಷಪಟ್ಟರು. ಒಳಗೆ ಕುಳಿತಿದ್ದ ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಆಕೆ ಬಂದು ತೊಟ್ಟಿಲ ಹತ್ತಿರ ಕುಳಿತು ಕೂಸಿನ ಕೈಬೆರಳು, ಕಾಲ್ಬೆರಳು, ಕಿವಿ, ಕಣ್ಣು ಎಲ್ಲವನ್ನೂ ಒಂದೊಂದಾಗಿ ನೋಡಿದಳು. "ಎಲ್ಲಾ ಛಲೋ ಐತವ್ವಾ" ಎಂದಳು. ನಾವು ಕೊಟ್ಟ ಗುಗ್ಗರಿ ತೆಗೆದುಕೊಳ್ಳಲಿಲ್ಲ, ಕುಂಕುಮ ಮಾತ್ರ ಹಚ್ಚಿಸಿಕೊಂಡು ಹೋದಳು. ಆ ದಿನದಿಂದ ನಾನು ತಂಬಿಗೆಗೆ ಹುಣಸೆಹಣ್ಣು ಹಚ್ಚುವುದನ್ನು ಬಿಟ್ಟೆ.

ಮಗಳು ಬೆಳೆದಳು. ದಾರಿಯಲ್ಲಿ, ಸಂತೆಯಲ್ಲಿ ಸಿಕ್ಕಾಗಲೆಲ್ಲ ಆಕೆ ಅವಳ ತಲೆ ನೇವರಿಸಿ ಮಾತಾಡಿಸುತ್ತಿದ್ದಳು. ಮಗಳು ಆಕೆಯನ್ನು 'ಲಕ್ಷ್ಮೇಶ್ವರದ ಆಯಿ' ಎಂದು ಕರೆಯುತ್ತಿದ್ದಳು. ನನ್ನ ಗಂಡ ಗಿರಣಿಯಲ್ಲಿ ಹೆಡ್ ಗುಮಾಸ್ತನಾದ. ಶೆಡ್ಡಿನ ಕೂಲಿ ಬಟವಾಡೆಯ ದಿನ ಆಕೆ ಅವನ ಮುಂದೆ ಸಾಲಿನಲ್ಲಿ ನಿಲ್ಲುತ್ತಿದ್ದಳಂತೆ. "ನಾ ಹ್ಯಾಂಗ ಅಕಿ ಮುಖಾ ನೋಡ್ಲಿ, ಹೇಳು" ಎಂದು ಒಂದು ದಿನ ಅವನು ನನ್ನನ್ನು ಕೇಳಿದ. ನಾನು ಅದೇ ಸಂಬಳದ ಜೋಳವನ್ನು ಅದೇ ಹೊತ್ತಿಗೆ ಬೀಸುತ್ತ ಕುಳಿತಿದ್ದೆ.

ಕಡೆಗೆ ಕರ್ನಾಟಕ ಒಂದಾಯಿತು. ಗದಗಿನ ಮೈದಾನದಲ್ಲಿ ದೊಡ್ಡ ಸಭೆ. ತಳಿರು ತೋರಣ, ಬ್ಯಾಂಡು, ಮಕ್ಕಳ ಹಾಡು. ಮುಂಬಯಿ ಸರಕಾರದವರು, ಸಂಸ್ಥಾನದವರು ಎಂಬ ಭೇದ ಇನ್ನು ಇಲ್ಲ, ಎಲ್ಲರೂ ಒಂದು ಮನೆಯವರು ಎಂದು ಕೂಗುತ್ತಿದ್ದರು. ನನಗೂ ಹಿಗ್ಗಾಗಿತ್ತು, ಸುಳ್ಳು ಯಾಕೆ ಹೇಳಲಿ. ಹೆಂಗಸರಿಗೆ ಒಂದು ಬದಿಗೆ ಜಮಖಾನೆ ಹಾಸಿದ್ದರು. ಎಷ್ಟು ಗದ್ದಲವೆಂದರೆ ಮಗಳನ್ನು ಕೂಡಿಸಿಕೊಳ್ಳಲೂ ಜಾಗವಿರಲಿಲ್ಲ. ಪಕ್ಕದಿಂದ ಯಾರೋ, "ತಾ ಇಲ್ಲೆ, ನನ್ನ ತೊಡಿಮ್ಯಾಲ ಕುಂಡರ್ಲಿ" ಎಂದು ಕೈ ಚಾಚಿದರು. ನೋಡಿದರೆ ಆಕೆ. ಶೆಡ್ಡಿನ ಹೆಂಗಸರ ಜೊತೆ ಬಂದಿದ್ದಳು. ಮಗಳು ಸಲಿಗೆಯಿಂದ ಹೋಗಿ ಆಕೆಯ ತೊಡೆಯೇರಿದಳು.

ಮಾವನವರು ಮಾತಾಡಲು ಎದ್ದರು. ಮೇಜಿನ ಮೇಲೆ ತಂಬಿಗೆ. ಹೊಸ ನಾಡಿನಲ್ಲಿ ಸಾರ್ವಜನಿಕ ಜೀವನ ಹೇಗೆ ಶುದ್ಧವಾಗಿರಬೇಕು ಎಂದು ಹೇಳುತ್ತ ಹೇಳುತ್ತ ಅದೇ ಕಥೆಗೆ ಬಂದರು. ಇಷ್ಟು ವರ್ಷಗಳಲ್ಲಿ ಎಷ್ಟೋ ಸಭೆಗಳಲ್ಲಿ ಹೇಳಿ ಹೇಳಿ ಕಥೆ ಬೆಳೆದಿತ್ತು. ನೂಲಿನ ಸೀರೆ ಈಗ ಜರತಾರಿ ಆಗಿತ್ತು. ಆ ಹೆಂಗಸು ಬಸುರಿ ಸೊಸೆಯ ಕಾಲು ಹಿಡಿದು, ಹೇಗಾದರೂ ಮಾಡಿ ನೂಲು ಕೊಡಿಸೆಂದು ಅತ್ತಿದ್ದಳು. ಹಿಂದಿರುಗಿಸಿದಾಗ ನಾಚಿಕೆಯಿಂದ ತಲೆಯೆತ್ತದೆ ತೆಗೆದುಕೊಂಡಿದ್ದಳು. ಮುಂದೆ ಬುದ್ಧಿ ಕಲಿತು ನಮ್ಮ ಮನೆಗೆ ಬರಿಗೈಯಲ್ಲಿ ಬರುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು. ಅವರು ಸುಳ್ಳು ಹೇಳುತ್ತಿದ್ದಾರೆಂದು ನನಗೆ ಅನಿಸಲಿಲ್ಲ. ಅವರಿಗೆ ಅದು ಹಾಗೆಯೇ ನೆನಪಿತ್ತು. ಹಿಂದಿನ ಸಾಲಿನ ಹೆಂಗಸರು ಪಿಸುಗುಟ್ಟಿದರು, ಒಬ್ಬಳು ಕತ್ತು ಚಾಚಿ ಆಕೆಯನ್ನು ನೋಡಿದಳು.

ಮಾವನವರು ಮಾತು ನಿಲ್ಲಿಸಿ ತಂಬಿಗೆಯಿಂದ ನೀರು ಕುಡಿದರು. ಆ ನಿಶ್ಶಬ್ದದಲ್ಲಿ ನನ್ನ ಮಗಳು ತಲೆಯೆತ್ತಿ ಆಕೆಯ ಮುಖ ನೋಡಿದಳು.

"ಆಯೀ, ಅಜ್ಜ ಹೇಳಿದ್ನಲ್ಲ, ಆ ಕೆಟ್ಟ ಹೆಂಗಸು ಯಾರು?"

ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದೆಲ್ಲ ಒಮ್ಮೆಲೇ ನನ್ನ ಬಾಯಿಗೆ ಬಂತು. "ಕೆಟ್ಟಾಕಿ ಅಲ್ಲಲೇ, ಅಕೀ..." ಎನ್ನುವಷ್ಟರಲ್ಲಿ ಆಕೆ ನನ್ನ ಮೊಣಕಾಲನ್ನು ಗಟ್ಟಿಯಾಗಿ ಒತ್ತಿ ಹಿಡಿದಳು. ಮಗ್ಗದ ಹಗ್ಗ ಜಗ್ಗಿ ಜಗ್ಗಿ ಬಿರುಸಾದ ಕೈ.

"ಬ್ಯಾಡವ್ವಾ" ಎಂದಳು ಮೆಲ್ಲಗೆ. "ಕೂಸಿಗೆ ಅಜ್ಜ ಅದಾರ ಅವ್ರು."

ಆಮೇಲೆ ಮಗಳ ಕಡೆ ತಿರುಗಿ, "ಯಾರೋ ಏನೋ ನನ್ನವ್ವಾ, ಬೆಟಗೇರಿ ದೊಡ್ಡ ಊರು" ಎಂದಳು. ಅಷ್ಟರಲ್ಲಿ ಮೈದಾನದ ತುಂಬ ಚಪ್ಪಾಳೆ ಎದ್ದಿತು. ಮಗಳು ಬೆರಗಾಗಿ ಸುತ್ತ ನೋಡುತ್ತಿದ್ದಳು. "ಎಲ್ಲಾರೂ ತಟ್ಟಾಕತ್ತಾರ, ನೀನೂ ತಟ್ಟು" ಎಂದು ಆಕೆ ಅವಳ ಎರಡೂ ಪುಟ್ಟ ಕೈಗಳನ್ನು ತನ್ನ ಕೈಯಲ್ಲಿ ಹಿಡಿದು ತಟ್ಟಿಸತೊಡಗಿದಳು. ಮಗಳು ಖುಷಿಯಿಂದ ನಕ್ಕಳು. ನಾನು ತಲೆ ಎತ್ತಲಿಲ್ಲ.